ಗೊಂಬೆ ಮೆಟ್ಟಿಲ ಕೆಳಗೆ ಹಳೇ ಲೆಗೊ ಕೋಟೆ, ಒಂದು ಪೇಟೆ: ಸಲಹೆ ಬೇಕು

ಗೊಂಬೆಮನೆ_ಮೈಸೂರು:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೆಯಲ್ಲಿ ಪ್ರತಿ ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ. ಮೇಲೆ ಪಟ್ಟದ ಗೊಂಬೆ, ನಡುವೆ ದೇವರು, ಚನ್ನಪಟ್ಟಣದ ಮರದ ಗೊಂಬೆಗಳು. ಕೆಳಗೆ ನೆಲದ ಮೇಲೆ ಏನಾದರೂ ಒಂದು ದೃಶ್ಯ. ಅಮ್ಮ ಇದ್ದಾಗ ಮೃಗಾಲಯ, ಹಳ್ಳಿ ಸಂತೆ, ಒಂದ್ಸಲ ನೀರು ಬಿಟ್ಟ ಕನ್ನಂಬಾಡಿ ಕಟ್ಟೆ ಕೂಡ ಆಗಿತ್ತು. ಆ ನೀರು ಹಾಲಿನ ತುಂಬ ಹರಿದದ್ದು ಬೇರೆ ಕತೆ. ಈ ಸಲ ಲೆಗೊ ಇಟ್ಟಿಗೆಯಲ್ಲಿ (ಒಂದರ ಮೇಲೊಂದು ಸಿಕ್ಕಿಸುವ ಪ್ಲಾಸ್ಟಿಕ್ ಆಟಿಕೆ) ಯುರೋಪಿನ ಕೋಟೆ, ಅದರ ಬುಡದಲ್ಲಿ ಒಂದು ಪೇಟೆ ಮಾಡಬೇಕು ಅಂತ ಕೂತಿದ್ದೇನೆ.

ನನ್ನ ಮೈದುನ ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿದ್ದಾನೆ. ಏಪ್ರಿಲ್ 27 ಅಲ್ಲಿ ರಾಜನ ಹುಟ್ಟುಹಬ್ಬ. ಅವತ್ತು ಮಕ್ಕಳು ಬೀದಿಯಲ್ಲೇ ಚಾಪೆ ಹಾಸಿಕೊಂಡು ತಮ್ಮ ಹಳೇ ಆಟದ ಸಾಮಾನು ಮಾರುತ್ತಾರಂತೆ. ಅಲ್ಲಿಂದ ಒಂದು ಚೀಲ ಲೆಗೊ ತಂದುಕೊಟ್ಟ. 4 ಕೆ.ಜಿ. ಮೇಲೆ ಚಿಲ್ಲರೆ ತೂಗಿತು. ಮೊರದಲ್ಲಿ ಹಾಕಿ, ಅಕ್ಕಿ ಆರಿಸಿದ ಹಾಗೆ ಆರಿಸಿದೆ. ಬೂದು ಗೋಡೆ ತುಂಡುಗಳು, ಕಪ್ಪು ಕಮಾನುಗಳು, ಕೆಂಪು ಛಾವಣಿಯ ಇಳಿಜಾರು ತುಂಡುಗಳು, ರಸ್ತೆ ಬಿಡಿಸಿದ ಹಸಿರು ಹಲಗೆ ಎರಡು. ಬಿಳಿ ಇಟ್ಟಿಗೆ ತುಂಬಾ ಇವೆ, ಆದರೆ ಈಗ ಅವು ಬೆಣ್ಣೆ ಬಣ್ಣ. ಪುಟ್ಟ ಲೆಗೊ ಗೊಂಬೆ ಒಂಬತ್ತು, ಎರಡೂ ಕೈ ಇರುವವು ಮೂರೇ. ಕುದುರೆ ಒಂದು. ಚೀಲದ ತಳದಲ್ಲಿ ಯಾವುದೋ ಮಗುವಿನ ಹಾಲುಹಲ್ಲು ಕೂಡ ಸಿಕ್ಕಿತು!

ನಿಜ ಹೇಳಬೇಕೆಂದರೆ ನನ್ನ ಬಾಲ್ಯದಲ್ಲಿ ಲೆಗೊ ಇರಲಿಲ್ಲ. ಇದ್ದದ್ದು ಲೆಗೊ ಕ್ಯಾಟಲಾಗು. ಪಕ್ಕದ ಮನೆಯವರಿಗೆ ಕುವೈತಿನಿಂದ ಯಾರೋ ತಂದ ಪೆಟ್ಟಿಗೆಯೊಳಗಿಂದ ಬಂದದ್ದು. ಅದರಲ್ಲಿ ಎರಡು ಪುಟ ತುಂಬ ಒಂದು ಬೂದು ಕೋಟೆ ಇತ್ತು, ಕುದುರೆ ಸವಾರರು, ಬಾವುಟ. ಆ ಪುಟ ಹರಿಯುವ ತನಕ ನೋಡಿದ್ದೇನೆ. ಆ ಚಿತ್ರದ ಹಾಗೆ ಕಾಣಬೇಕು, ಅಷ್ಟೇ ಆಸೆ.

ಕೇಳಬೇಕಾದ್ದು ಎರಡು. ಹಳದಿಯಾದ ಬಿಳಿ ಇಟ್ಟಿಗೆ ಮತ್ತೆ ಬಿಳಿ ಆಗುತ್ತದಾ? ಸಾಲದೆ ಬಂದ ತುಂಡುಗಳಿಗೆ ಅಂಗಡಿಯ ಹೊಸ ಲೆಗೊ ಸೇರಿಸಬಹುದಾ?

ಹಳದಿಕೋಟೆ375:

ಮೇಡಂ, ನೀವು ನೋಡಿದ್ದು ಬಹುಶಃ 1984ರ ಕಿಂಗ್ಸ್ ಕ್ಯಾಸಲ್, ಸೆಟ್ ನಂಬರ್ 6080. ಹನ್ನೆರಡು ಗೊಂಬೆ, ಬೂದು ಗೋಡೆ, ಮುಂದೆ ಎತ್ತುವ ಸೇತುವೆ. ಅಚ್ಚಿನಲ್ಲಿ ಮಾಡಿದ ಒಂದೇ ತುಂಡಿನ ಕುದುರೆ ಬಂದದ್ದೂ ಅದೇ ವರ್ಷ.

ನನ್ನ ಹೆಸರು ನೋಡಿದರೆ ಗೊತ್ತಾಗುತ್ತದೆ, ನಾನು ಅದಕ್ಕೂ ಹಿಂದಿನ ಕೋಟೆಯ ಪಕ್ಷ. 1978ರ ಸೆಟ್ ನಂಬರ್ 375. ಪೂರ್ತಿ ಹಳದಿ. 767 ತುಂಡು, 14 ಗೊಂಬೆ. ಕುದುರೆಯನ್ನೂ ಇಟ್ಟಿಗೆ ಜೋಡಿಸಿಯೇ ಮಾಡಬೇಕಿತ್ತು, ನೋಡಲು ಮೇಜಿನ ಹಾಗಿರುತ್ತದೆ. ಕೋಟೆ ಯಾಕೆ ಹಳದಿ ಅಂತ ಎಲ್ಲರೂ ಕೇಳುತ್ತಾರೆ. ಬೂದು ಇಟ್ಟಿಗೆ ಕೊಟ್ಟರೆ ಮಕ್ಕಳು ಟ್ಯಾಂಕ್ ಕಟ್ಟುತ್ತಾರೆ, ಅದಕ್ಕೇ ಕೊಡುತ್ತಿರಲಿಲ್ಲ ಅನ್ನುವ ಮಾತು ಅಭಿಮಾನಿಗಳ ಬಾಯಲ್ಲಿ ಸದಾ ಇದೆ. ಕಾರಣ ಏನೇ ಇರಲಿ, ಆ ಹಳದಿ ನೋಡಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಹಳೇ ಚಿತ್ರದ ಹಾಗೆ ಕಾಣಬೇಕು ಅಂದರೆ ಜಾಸ್ತಿ ಮಾಡಬೇಡಿ. ಈಗಿನವರು ಇಟ್ಟಿಗೆಯನ್ನು ಪಕ್ಕಕ್ಕೆ ತಿರುಗಿಸಿ, ಮೇಲಿನ ಸ್ಟಡ್, ಅಂದರೆ ಸಿಕ್ಕಿಸುವ ಗುಂಡಿ, ಕಾಣದ ಹಾಗೆ ನುಣುಪು ಮಾಡಿ, ಕಲ್ಲಿಗೆ ನಾಲ್ಕು ಬಗೆಯ ಬೂದು ಬಳಸಿ ಕಟ್ಟುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೆ 1984 ಅಲ್ಲ. ಆಗ ಗೋಡೆ ಅಂದರೆ ಒಂದೇ ಬಣ್ಣ, ಒಂದೇ ಸಾಲು ದಪ್ಪ, ಮೇಲೆ ಸ್ಟಡ್ ಸಾಲುಸಾಲಾಗಿ ಕಾಣುತ್ತಿದ್ದವು. ಗೋಡೆ ತುದಿಗೆ ಕೋಟೆಯ ತೆನೆ ಬೇಕಾದರೆ ಒಂದು ಇಟ್ಟಿಗೆ ಇಡು, ಒಂದು ಬಿಡು. ಹಿಂಬದಿ ಖಾಲಿ. ನಡುವೆ ಕೀಲು, ಪುಸ್ತಕದ ಹಾಗೆ ತೆರೆದರೆ ಒಳಗೆ ಕೈ ಹಾಕಿ ಆಡಬಹುದು.

ಅಳತೆ ಹೇಳುತ್ತೇನೆ. ಒಂದು ಇಟ್ಟಿಗೆ 9.6 ಮಿ.ಮೀ. ಎತ್ತರ. ಟೋಪಿ ಇಲ್ಲದ ಗೊಂಬೆ ಸರಿಯಾಗಿ ನಾಲ್ಕು ಇಟ್ಟಿಗೆ ಎತ್ತರ. ಗೋಡೆ ಏಳು ಇಟ್ಟಿಗೆ ಇರಲಿ, ಸುಮಾರು 67 ಮಿ.ಮೀ. ಗೋಪುರ ಹದಿನೈದು. ಅದಕ್ಕಿಂತ ಎತ್ತರ ಹೋದರೆ ಗೊಂಬೆಗಳು ಇರುವೆ ಹಾಗೆ ಕಾಣುತ್ತವೆ.

ಹೊಸ ತುಂಡು ದಯವಿಟ್ಟು ಬೇಡ. 2004ರಲ್ಲಿ ಕಂಪನಿ ಬೂದು ಬಣ್ಣವನ್ನೇ ಬದಲಿಸಿತು. ಹಳೇದು ಸ್ವಲ್ಪ ಬೆಚ್ಚಗಿನ ಬೂದು, ಹೊಸದು ನೀಲಿ ಕಡೆಗೆ ವಾಲುವ ಬೂದು. ಪಕ್ಕಪಕ್ಕ ಇಟ್ಟರೆ ಹೊಸ ಸೀರೆಗೆ ಹಳೇ ಫಾಲ್ ಹಾಕಿದ ಹಾಗೆ.

ದುರ್ಗದಹುಡುಗ:

ಎಲ್ಲ ಬಿಟ್ಟು ಯುರೋಪಿನ ಕೋಟೆ ಯಾಕ್ರೀ ಅಕ್ಕ? ನಮ್ಮ ಏಳು ಸುತ್ತಿನ ಕೋಟೆ ಕಟ್ಟಿ. ಒಂದು ಕಿಂಡಿ, ಪಕ್ಕದಲ್ಲಿ ಒನಕೆ ಹಿಡಿದ ಓಬವ್ವ. ಗೊಂಬೆ ಹಬ್ಬಕ್ಕೂ ಸರಿ ಹೋಗುತ್ತದೆ.

ಹಳದಿಕೋಟೆ375:

ಚಿತ್ರದುರ್ಗದ ಬಂಡೆಗಳಿಗೆ ಬೇಕಾಗುವ ಬೂದು ಇಟ್ಟಿಗೆ ಯಾರ ಮನೆಯಲ್ಲಿದೆ ತಮ್ಮಾ? ಅಲ್ಲಿ ನೇರವಾದ ಗೋಡೆ ಅನ್ನೋದೇ ಇಲ್ಲ. ಗುಡ್ಡ ಹೋದ ಹಾಗೆ ಗೋಡೆ ಹೋಗುತ್ತದೆ. 4 ಕೆ.ಜಿ.ಯಲ್ಲಿ ಒಂದು ಬುರುಜೂ ಏಳುವುದಿಲ್ಲ.

ರಸಾಯನಮೇಷ್ಟ್ರು_ಧಾರವಾಡ:

ನಿವೃತ್ತ ಮೇಷ್ಟ್ರು ನಾನು. ಮೊಮ್ಮಗನ ಕಾಟಕ್ಕೆ ಈ ಗುಂಪಿಗೆ ಸೇರಿದವನು. ಹಳದಿ ಬಗ್ಗೆ ನಾನು ಹೇಳುತ್ತೇನೆ ತಂಗಿ.

1963ರಿಂದ ಈ ಇಟ್ಟಿಗೆಗಳನ್ನು ಎಬಿಎಸ್ ಎಂಬ ಪ್ಲಾಸ್ಟಿಕ್‌ನಲ್ಲಿ ಮಾಡುತ್ತಾರೆ. ಅದಕ್ಕೂ ಮೊದಲು ಸೆಲ್ಯುಲೋಸ್ ಅಸಿಟೇಟ್ ಇತ್ತು, ಅದು ಸೊಟ್ಟ ಆಗುತ್ತಿತ್ತು. ಎಬಿಎಸ್‌ನ ಬಿ ಅಂದರೆ ಬ್ಯೂಟಡೈನ್, ರಬ್ಬರಿನ ಅಂಶ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಮುಖ್ಯವಾಗಿ ಅದನ್ನು ಹಿಡಿಯುತ್ತವೆ. ಅದರಿಂದಲೇ ಹಳದಿ. ಕಿಟಕಿ ಪಕ್ಕ ಇಟ್ಟ ಬಿಳಿ, ಬೂದು, ನೀಲಿ ತುಂಡುಗಳಲ್ಲಿ ಇದು ಬೇಗ ಎದ್ದು ಕಾಣುತ್ತದೆ.

ತೆಗೆಯುವ ದಾರಿ ಇದೆ. ಹಳೇ ಕಂಪ್ಯೂಟರ್ ಹುಚ್ಚಿನವರು 2008ರ ಹೊತ್ತಿಗೆ ಇದನ್ನು ರೂಢಿಗೆ ತಂದರು. ಔಷಧಿ ಅಂಗಡಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸಿಗುತ್ತದೆ, 6 ಶೇಕಡಾ ದ್ರಾವಣ, ಬಾಟಲಿ ಮೇಲೆ 20 ವಾಲ್ಯೂಮ್ ಅಂತ ಇರುತ್ತದೆ. ಅದೇ ಸಾಕು. ಪ್ರಯೋಗಾಲಯದ 30 ಶೇಕಡಾದ್ದನ್ನು ಮನೆಗೆ ತರಲೇಬೇಡಿ, ಚರ್ಮ ಸುಡುತ್ತದೆ.

ಮೊದಲು ತೊಳೆಯಿರಿ. ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪು. ನೀರು 40 ಡಿಗ್ರಿ ದಾಟಬಾರದು. ಒಣಗಿಸುವುದು ನೆರಳಲ್ಲಿ. ತಗಡಿನ ಮೇಲೆ ಹರವಿದರೆ ಹಪ್ಪಳದ ಹಾಗೆ ಸುರುಳಿ ಏಳುತ್ತದೆ. ಆಮೇಲೆ ಗಾಜಿನ ಅಗಲ ಪಾತ್ರೆಯಲ್ಲಿ ತುಂಡು ಹಾಕಿ, ಮುಳುಗುವಷ್ಟು ದ್ರಾವಣ ಹುಯ್ದು, ಬೆಳಗಿನ ಹತ್ತರಿಂದ ಮೂರರ ತನಕ ಬಿಸಿಲಿಗೆ ಇಡಿ. ಗುಳ್ಳೆ ಕಟ್ಟಿ ತುಂಡುಗಳು ಮೇಲೆ ತೇಲುತ್ತವೆ. ತೇಲಿದ ಕಡೆ ಮಚ್ಚೆ ಬೀಳುತ್ತದೆ, ಹಾಗಾಗಿ ಗಂಟೆಗೊಮ್ಮೆ ಮರದ ಕಡ್ಡಿಯಿಂದ ಕೆದಕಿ. ಕೈಗೆ ರಬ್ಬರ್ ಗ್ಲೌಸ್ ಇರಲಿ. ಪಾತ್ರೆಗೆ ಮುಚ್ಚಳ ಬಿಗಿಯಬೇಡಿ, ಒಳಗೆ ಆಮ್ಲಜನಕ ಹುಟ್ಟುತ್ತಿರುತ್ತದೆ. ಸ್ಟಿಕ್ಕರ್ ಇರುವ ತುಂಡು, ಚಿತ್ರ ಅಚ್ಚಾದ ಗೊಂಬೆ, ಲೋಹ ಇರುವ ತುಂಡು ಇದಕ್ಕೆ ಹಾಕಬೇಡಿ.

ಒಂದು ಮಾತು. ಇದು ಶಾಶ್ವತ ಅಲ್ಲ. ಕೆಲವು ವರ್ಷಕ್ಕೆ ಮತ್ತೆ ಹಳದಿ ತಿರುಗಬಹುದು. ನಾನಾದರೆ ಕಿಟಕಿ ಚೌಕಟ್ಟು ಮಾತ್ರ ಬಿಳಿ ಮಾಡಿ, ಗೋಡೆಯನ್ನು ಹಾಗೇ ಬಿಡುತ್ತೇನೆ. ಸುಣ್ಣ ಬಳಿದು ನಾಲ್ಕು ಮಳೆಗಾಲ ಕಂಡ ಮನೆ ಬೆಣ್ಣೆ ಬಣ್ಣವೇ ಅಲ್ವಾ?

ತೀರ್ಥಹಳ್ಳಿ_ಸುಮ:

ಮೇಷ್ಟ್ರ ಕೊನೆಯ ಸಾಲಿಗೆ ನನ್ನ ವೋಟು.

ಆದರೆ ಹಳದಿಕೋಟೆ ಸರ್ ಮಾತು ನಾನು ಒಪ್ಪುವುದಿಲ್ಲ. ಹೊಸ ತುಂಡು ಮುಟ್ಟಲೇಬಾರದು ಅಂದರೆ ಮಡಿ ಜಾಸ್ತಿ ಆಯಿತು. ಲೆಗೊ ಕಂಪನಿಯೇ ತನ್ನ 90ನೇ ವರ್ಷಕ್ಕೆ, 2022ರಲ್ಲಿ, ಲಯನ್ ನೈಟ್ಸ್ ಕ್ಯಾಸಲ್, ಅಂದರೆ ಸಿಂಹದ ಗುರುತಿನ ಸವಾರರ ಕೋಟೆ, ಮಾಡಿತು. 4514 ತುಂಡು. 1984ರ ಕೋಟೆಯ ನೆನಪಿಗೇ ಮಾಡಿದ್ದು, ಆದರೆ ಒಳಗೆಲ್ಲ ಹೊಸ ವಿದ್ಯೆ. ನನ್ನಂಥವರು ಈ ಹವ್ಯಾಸಕ್ಕೆ ಬಂದದ್ದೇ ಅದನ್ನು ನೋಡಿ. ನಾನು ಹುಟ್ಟಿದ್ದೇ 2003ರಲ್ಲಿ. ನನಗೂ ಆ ಸಿಂಹದ ಗುರಾಣಿ ಇಷ್ಟ. ಹಳೇದರ ನೆನಪಿಗೆ ವಯಸ್ಸಿನ ಸರ್ಟಿಫಿಕೇಟ್ ಬೇಕಾ?

ಅಕ್ಕಾ, ನಿಮಗೆ ಬಿಡಿ ತುಂಡು ಬೇಕಾದರೆ ಬ್ರಿಕ್‌ಲಿಂಕ್‌ನಲ್ಲಿ ಹುಡುಕಬಹುದು. 2000ದಲ್ಲಿ ಶುರುವಾದ ಜಾಲತಾಣ, ಜಗತ್ತಿನ ಎಲ್ಲ ಕಡೆಯ ಬಿಡಿ ಮಾರಾಟಗಾರರೂ ಅಲ್ಲಿದ್ದಾರೆ. 2019ರಲ್ಲಿ ಲೆಗೊ ಕಂಪನಿಯೇ ಅದನ್ನು ಕೊಂಡಿತು. ಹಳೇ ಬೂದು, ಹೊಸ ಬೂದು ಬೇರೆ ಬೇರೆ ಪಟ್ಟಿಯಲ್ಲೇ ಇರುತ್ತವೆ.

ಹಳದಿಕೋಟೆ375:

ಸಿಗುವುದು ನಿಜ. ಸುಂಕ ನೋಡಿದ್ದೀಯಾ ಮಗಳೇ? ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ 60 ಶೇಕಡಾ ಆಯಿತು, 2023ರಲ್ಲಿ 70. ನಾನು ಒಮ್ಮೆ ಆರು ಬಾವುಟ, ಎರಡು ಗುರಾಣಿ ತರಿಸಿದೆ. ಆರು ವಾರ ಪಾರ್ಸೆಲ್ ಎಲ್ಲೋ ಕೂತಿತ್ತು. ಬಂದಾಗ ಬಾವುಟದ ಬೆಲೆಗಿಂತ ಉಳಿದ ಖರ್ಚೇ ದೊಡ್ಡದಾಗಿತ್ತು. ಹೆಂಡತಿಗೆ ಇವತ್ತಿಗೂ ಲೆಕ್ಕ ಹೇಳಿಲ್ಲ.

ಮಡಿ ಅಂದಿದ್ದಕ್ಕೆ ಬೇಜಾರಿಲ್ಲ. ಆದರೆ ಆ 4514 ತುಂಡಿನ ಕೋಟೆ ನೋಡಿದಾಗ ಅದನ್ನು ಕಟ್ಟಿದವರ ಜಾಣ್ಮೆ ಕಾಣುತ್ತದೆ. ಹಳೇದನ್ನು ನೋಡಿದಾಗ ಕೋಟೆ ಕಾಣುತ್ತದೆ.

ತೀರ್ಥಹಳ್ಳಿ_ಸುಮ:

ಡೈಲಾಗ್ ಚೆನ್ನಾಗಿದೆ ಸರ್, ಆದರೂ ಒಪ್ಪಲ್ಲ.

ನ್ಯೂರೆಂಬರ್ಗ್_ಕನ್ನಡಿಗ:

ತಡವಾಗಿ ಬಂದೆ. ಪೇಟೆ ಬಗ್ಗೆ ಯಾರೂ ಮಾತೇ ಆಡಿಲ್ಲ! ಎಲ್ಲರಿಗೂ ಕೋಟೆ ಬೇಕು, ಅಕ್ಕಿ ಯಾರು ಮಾರಬೇಕು ಹಾಗಾದರೆ?

ಲೆಗೊ ಪದ್ಧತಿ ಶುರುವಾದದ್ದೇ ಪೇಟೆಯಿಂದ. 1955ರಲ್ಲಿ ಡೆನ್ಮಾರ್ಕಿನ ಬಿಲ್ಲುಂಡ್‌ನ ಲೆಗೊ ಕಂಪನಿಯವರು ಟೌನ್ ಪ್ಲ್ಯಾನ್ ಅಂತ ತಂದರು. ರಸ್ತೆ ಬಿಡಿಸಿದ ನೆಲಹಾಸು, ಸಣ್ಣ ಕಾರು, ಮರ, ಸುತ್ತ ಇಟ್ಟಿಗೆಯ ಮನೆಗಳು. ಇಟ್ಟಿಗೆ ಕೆಳಗೆ ಕೊಳವೆ ಇಟ್ಟು ಬಿಗಿ ಹಿಡಿಯುವಂತೆ ಮಾಡಿ ಪೇಟೆಂಟ್ ಕೇಳಿದ್ದು ಆಮೇಲೆ, 1958ರ ಜನವರಿ 28ಕ್ಕೆ. ಕೈಕಾಲು ಆಡಿಸುವ ಗೊಂಬೆ ಬಂದದ್ದು ಇನ್ನೂ ಇಪ್ಪತ್ತು ವರ್ಷ ಕಳೆದು, 1978ಕ್ಕೆ. ಅಂದರೆ ಎಷ್ಟೋ ಕಾಲ ಆ ಪೇಟೆಯಲ್ಲಿ ಇಂಥ ಜನ ಇರಲಿಲ್ಲ.

ಅಕ್ಕಾ, ನಿಮ್ಮ ಹಸಿರು ರಸ್ತೆ ಹಲಗೆ ಒಂದೊಂದೂ 32 ಸ್ಟಡ್, ಅಂದರೆ 25.6 ಸೆಂ.ಮೀ. ಎರಡು ಸೇರಿದರೆ 51 ಸೆಂ.ಮೀ. ಬೀದಿ. ಅದು ಸಾಕು. ಒಂದು ಪೆಟ್ರೋಲ್ ಬಂಕ್, ಒಂದು ಅಂಚೆ ಮನೆ, ಒಂದು ಸಾದಾ ಮನೆ. ಮನೆಗಳನ್ನು ರಸ್ತೆಗೆ ಅಂಟಿಸಬೇಡಿ, ಮುಂದೆ ನಾಲ್ಕು ಸ್ಟಡ್ ಹಸಿರು ಬಿಡಿ. ಹಳೇ ಪೇಟೆ ಸೆಟ್‌ಗಳಲ್ಲಿ ಖಾಲಿ ಜಾಗ ಜಾಸ್ತಿ. ಒಂದು ದೀಪದ ಕಂಬ, ಎರಡು ಹೂ, ಒಬ್ಬ ಸೈಕಲ್ಲಿನವನು. ಮಿಕ್ಕಿದ್ದೆಲ್ಲ ಹಸಿರು. ಅದನ್ನು ತುಂಬಿಸಲು ಹೋದರೆ ಆ ಕಾಲ ಓಡಿಹೋಗುತ್ತದೆ. ಗೊಂಬೆಗಳ ಮುಖವೂ ಅಷ್ಟೆ: ಎರಡು ಚುಕ್ಕಿ, ಒಂದು ನಗು. 1989ರಲ್ಲಿ ಕಡಲ್ಗಳ್ಳರ ಸೆಟ್‌ಗಳು ಬರುವ ತನಕ ಪೊಲೀಸಿಗೂ ರಾಜನಿಗೂ ಒಂದೇ ನಗು.

ಇನ್ನು ಬೂದು ಜಗಳ. ನಾನಿರುವ ಊರಿನ ಕತೆ ಹೇಳುತ್ತೇನೆ. ನ್ಯೂರೆಂಬರ್ಗ್ ಅಂದರೆ ಆಟಿಕೆಯ ಊರು. 1950ರಿಂದ ಇಲ್ಲಿ ಆಟಿಕೆ ಮೇಳ ನಡೆಯುತ್ತದೆ, ಆಟಿಕೆಗೇ ಒಂದು ಮ್ಯೂಸಿಯಂ ಇದೆ. ಮೇಲೆ ಗುಡ್ಡದಲ್ಲಿ ಕೋಟೆ, ಕೆಳಗೆ ಕೆಂಪು ಹೆಂಚಿನ ಪೇಟೆ. ಮೊದಲ ಸಲ ನೋಡಿದಾಗ ಕ್ಯಾಟಲಾಗಿನ ಪುಟದೊಳಗೇ ಬಂದ ಹಾಗಾಯಿತು. ಆಮೇಲೆ ಗೊತ್ತಾಯಿತು, 1945ರ ಜನವರಿ 2ರ ಬಾಂಬ್ ದಾಳಿಯಲ್ಲಿ ಹಳೇ ಪೇಟೆ ಬಹುಪಾಲು ನೆಲಕಚ್ಚಿತ್ತು. ನಾವು ಫೋಟೋ ತೆಗೆಯುವ ಹಳೇ ಪೇಟೆ ಹೆಚ್ಚಿನದು ಆಮೇಲೆ ಕಟ್ಟಿದ್ದು. ಕೆಲವು ಗೋಡೆಗಳಲ್ಲಿ ಹಳೇ ಕಲ್ಲು ಎಲ್ಲಿ ನಿಂತಿತು, ಹೊಸ ಕಲ್ಲು ಎಲ್ಲಿ ಶುರುವಾಯಿತು ಅಂತ ಕಣ್ಣಿಗೇ ಕಾಣುತ್ತದೆ. ಬಣ್ಣ ಸೇರುವುದಿಲ್ಲ. ಯಾರೂ ಮುಚ್ಚಿಟ್ಟಿಲ್ಲ.

ನನ್ನ ಸಲಹೆ: ಹೊಸ ಬೂದು ತುಂಡನ್ನು ಅಲ್ಲಲ್ಲಿ ಚೆಲ್ಲಬೇಡಿ. ಒಂದೇ ಕಡೆ, ಗೋಡೆಯ ಒಂದು ಮೂಲೆಗೆ, ಬಿದ್ದುಹೋದದ್ದನ್ನು ರಿಪೇರಿ ಮಾಡಿದ ಹಾಗೆ ಹಾಕಿ. ಅಂಚು ಹಲ್ಲುಹಲ್ಲಾಗಿರಲಿ.

ಹಳದಿಕೋಟೆ375:

ಇದು ನನಗೆ ಹೊಳೆದಿರಲಿಲ್ಲ. ಒಂದು ಮೂಲೆ ಆಗಬಹುದು. ಒಂದೇ.

ದುರ್ಗದಹುಡುಗ:

ಸರ್ ಮಡಿ ಸಡಿಲಿಸಿದರು, ಎಲ್ಲರೂ ಬರೆದಿಟ್ಟುಕೊಳ್ಳಿ.

ಗೊಂಬೆಮನೆ_ಮೈಸೂರು:

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರದ ವರದಿ ಇಲ್ಲಿದೆ.

ಬಟ್ಟೆ ಒಗೆಯುವ ಬಲೆ ಚೀಲದಲ್ಲಿ ಹಾಕಿ ಇಟ್ಟಿಗೆ ತೊಳೆದೆ. ನೀರು ಕಾಫಿ ಬಣ್ಣ ಬಂತು. ಆರಿಸುವಾಗ ಒಂದಿಷ್ಟು ಕಳ್ಳ ಇಟ್ಟಿಗೆ ಸಿಕ್ಕವು, ಸ್ಟಡ್ ಮೇಲೆ ಲೆಗೊ ಅಂತ ಅಕ್ಷರ ಇಲ್ಲದವು. ಅವನ್ನು ಒಳಗಿನ ಗುಡ್ಡಕ್ಕೆ ಬಳಸಿದೆ, ಮೇಲೆ ಕಾಣುವುದಿಲ್ಲ. ಮೊದಲು ನಾನು ಮಾಡಿದ ತಪ್ಪೆಂದರೆ ಬಣ್ಣದ ಪ್ರಕಾರ ಗುಡ್ಡೆ ಹಾಕಿದ್ದು. ಬೂದು ರಾಶಿಯಲ್ಲಿ ಒಂದು ಸಣ್ಣ ಬೂದು ಕೀಲು ಹುಡುಕುವುದು ಅಂದರೆ ಸಾಸಿವೆಯಲ್ಲಿ ಸಾಸಿವೆ ಹುಡುಕಿದಂತೆ. ಆಮೇಲೆ ಆಕಾರದ ಪ್ರಕಾರ ಬೇರೆ ಮಾಡಿದೆ, ಮಸಾಲೆ ಡಬ್ಬಿಯ ಬಟ್ಟಲುಗಳಲ್ಲಿ. ಕೆಲಸ ಸಲೀಸಾಯಿತು.

ಮೇಷ್ಟ್ರೇ, ಪೆರಾಕ್ಸೈಡ್ ಕಿಟಕಿಗಳಿಗೆ ಮಾತ್ರ ಮಾಡಿದೆ. ಮೊದಲ ದಿನ ಮೋಡ, ಏನೂ ಆಗಲಿಲ್ಲ. ಎರಡನೇ ದಿನ ಬಿಸಿಲು ಬಂತು, ಸಂಜೆಗೆ ಹಲ್ಲಿನ ಹಾಗೆ ಬಿಳಿ. ಎರಡು ಚೌಕಟ್ಟಿಗೆ ಮಚ್ಚೆ ಬಿದ್ದಿದೆ. ಕೆದಕುವುದು ಮರೆತು ಧಾರಾವಾಹಿ ನೋಡುತ್ತಿದ್ದೆ.

ಕೋಟೆ ಗೋಡೆ ಏಳು ಇಟ್ಟಿಗೆ. ಬಲಗಡೆ ಮೂಲೆಯಲ್ಲಿ ಹೊಸ ಬೂದು, ಸುಮ ಹೇಳಿದ ಹಾಗೆ ಹೊಸದು, ನ್ಯೂರೆಂಬರ್ಗ್ ಅಣ್ಣ ಹೇಳಿದ ಹಾಗೆ ಹಲ್ಲುಹಲ್ಲು. ಸೇತುವೆ ಎತ್ತಲು ದಾರ ಇರಲಿಲ್ಲ. ಹೂ ಕಟ್ಟುವ ಬಾಳೆನಾರು ಹಾಕಿದೆ, ಸರಿಯಾಗಿ ಕೂತಿತು. ಆದರೆ ದಿನಕ್ಕೊಮ್ಮೆ ಒದ್ದೆ ಮಾಡಬೇಕು, ಇಲ್ಲವಾದರೆ ಮುರಿಯುತ್ತದೆ.

ಒಂದು ಪ್ರಶ್ನೆ. ಸುತ್ತ ಹುಲ್ಲಿಗೆ ನಾವು ಯಾವಾಗಲೂ ರಾಗಿ ಪೈರು ಬೆಳೆಸುತ್ತೇವೆ. ನೀರಿನಿಂದ ಲೆಗೊಗೆ ತೊಂದರೆಯಾ?

ರಸಾಯನಮೇಷ್ಟ್ರು_ಧಾರವಾಡ:

ಇಟ್ಟಿಗೆಗೆ ಏನೂ ಆಗದು. ಸ್ಟಿಕ್ಕರ್ ಇದ್ದರೆ ಏಳುತ್ತದೆ. ಮಣ್ಣು ಇಟ್ಟಿಗೆ ಕೆಳಗಿನ ಕೊಳವೆಯಲ್ಲಿ ಹೊಕ್ಕರೆ ಹಲ್ಲುಜ್ಜುವ ಬ್ರಷ್ ಹಿಡಿದು ದೀಪಾವಳಿ ತನಕ ಕೂರಬೇಕು. ರಾಗಿಯನ್ನು ಬೇರೆ ತಟ್ಟೆಯಲ್ಲಿ ಬಿತ್ತಿ, ತಟ್ಟೆಯನ್ನೇ ಪಕ್ಕಕ್ಕೆ ಸರಿಸಿ ಇಡಿ.

ತೀರ್ಥಹಳ್ಳಿ_ಸುಮ:

ಅಕ್ಕಾ, ಒಂದು ಐಡಿಯಾ. ನಿಮ್ಮಲ್ಲಿ ಮೆಟ್ಟಿಲು ಇದೆಯಲ್ಲ. ಕೆಳಗೆ ನೆಲದಲ್ಲಿ ಪೇಟೆ, ಮೊದಲ ಮೆಟ್ಟಿಲಲ್ಲಿ ಕೋಟೆ, ಅದರ ಹಿಂದೆ ಬೆರಳುದ್ದದ ಇನ್ನೊಂದು ಪುಟ್ಟ ಗೋಪುರ. ಒಂದು ಸ್ಟಡ್ ಅಗಲದ ಇಟ್ಟಿಗೆ ಐದು, ಮೇಲೆ ಒಂದು ಇಳಿಜಾರು. ದೂರದ ಬೆಟ್ಟದಲ್ಲಿ ಇನ್ನೊಂದು ಕೋಟೆ ಇದೆ ಅನ್ನಿಸುತ್ತದೆ. ಇದಕ್ಕೆ ಹೊಸ ವಿದ್ಯೆ ಏನೂ ಬೇಡ, ಹಳದಿಕೋಟೆ ಸರ್ ಬೈಯುವುದಿಲ್ಲ.

ಹಳದಿಕೋಟೆ375:

ಬೈಯುವುದಿಲ್ಲ. ಆ ಪುಟ್ಟ ಗೋಪುರ ಹಳದಿ ಇರಲಿ, ನನಗೋಸ್ಕರ.

ಗೊಂಬೆಮನೆ_ಮೈಸೂರು:

ಇವತ್ತು ಗೊಂಬೆ ಕೂರಿಸಿದೆವು. ಪಟ್ಟದ ಗೊಂಬೆಗಳ ಕಣ್ಣು ನೇರ ಕೋಟೆ ಮೇಲೆ ಬೀಳುವ ಹಾಗಿದೆ, ನಮ್ಮ ರಾಜ ಅವರ ರಾಜನನ್ನು ಮೇಲಿನಿಂದ ನೋಡುತ್ತಿದ್ದಾನೆ. ಹಿಂದೆ ಹಳದಿ ಗೋಪುರ ಇದೆ ಸರ್. ಪೆಟ್ರೋಲ್ ಬಂಕಿನಲ್ಲಿ ಕುದುರೆ ಸವಾರ ನಿಂತಿದ್ದಾನೆ, ಅದು ನನ್ನ ಮಗಳ ಕೆಲಸ. ತೆಗೆಯಲು ಬಿಡುತ್ತಿಲ್ಲ. ಕೈ ಇಲ್ಲದ ಗೊಂಬೆಗಳೆಲ್ಲ ಮನೆಯೊಳಗೆ ಕಿಟಕಿ ಹಿಂದೆ ನಿಂತಿವೆ, ಹೊರಗಿನಿಂದ ನಗು ಮಾತ್ರ ಕಾಣುತ್ತದೆ.

ಸಂಜೆ ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ಒಬ್ಬರು ಕೇಳಿದರು, ಇದು ಯಾವ ಊರು ಅಂತ. ಏನು ಹೇಳುವುದು ತಿಳಿಯದೆ, ಕುವೈತಿನಿಂದ ಬಂದ ಊರು ಅಂದುಬಿಟ್ಟೆ.

ದುರ್ಗದಹುಡುಗ:

ಎಲ್ಲ ಸರಿ ಅಕ್ಕ. ಓಬವ್ವ ಎಲ್ಲಿ?

ಗೊಂಬೆಮನೆ_ಮೈಸೂರು:

ಇದ್ದಾಳೆ. ಹೊಸ ಬೂದು ಹಾಕಿದ ಮೂಲೆಯಲ್ಲಿ ಒಂದು ಇಟ್ಟಿಗೆ ಬಿಟ್ಟು ಕಿಂಡಿ ಮಾಡಿದ್ದೇನೆ. ಅದರ ಹಿಂದೆ ಕಪ್ಪು ಜಡೆಯ ಗೊಂಬೆ, ಕೈಯಲ್ಲಿ ಕಂದು ಈಟಿ. ನಿಂತು ನೋಡಿದರೆ ಕಾಣುವುದಿಲ್ಲ. ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿದ ಮಕ್ಕಳಿಗಷ್ಟೇ ಕಾಣುತ್ತಾಳೆ.